ಒಂದೇ ದೋಸೆಗೆ ನಾಲ್ಕು ಹೆಸರು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಕಂಪನಿಯದೊಂದು ಕಾರ್ಖಾನೆ ಇತ್ತು. ಜಗಳ, ಗೈರುಹಾಜರಿ, ಕಳಪೆ ಕೆಲಸಕ್ಕೆ ಹೆಸರಾಗಿ 1982ರಲ್ಲಿ ಅದು ಬಾಗಿಲು ಹಾಕಿತು. ಎರಡು ವರ್ಷ ಬಿಟ್ಟು ಟೊಯೊಟಾ ಜೊತೆ ಪಾಲುದಾರಿಕೆಯಲ್ಲಿ ಅದೇ ಕಟ್ಟಡ ಮತ್ತೆ ತೆರೆಯಿತು. ಒಳಗೆ ಬಂದವರು ಬಹುಪಾಲು ಹಳೆಯ ಕೆಲಸಗಾರರೇ, ಕೆಲಸ ಮಾಡಿಸುವ ಕ್ರಮ ಮಾತ್ರ ಟೊಯೊಟಾದ್ದು. 1990ರ ಹೊತ್ತಿಗೆ ಅಲ್ಲಿ ಒಂದೇ ಸಾಲಿನಿಂದ ಎರಡು ಕಾರುಗಳು ಇಳಿಯುತ್ತಿದ್ದವು. ಒಂದು ಟೊಯೊಟಾ ಕೊರೊಲಾ, ಇನ್ನೊಂದು ಜನರಲ್ ಮೋಟರ್ಸ್‌ನ ಜಿಯೊ ಪ್ರಿಝಂ. ಹೊರಮೈಯ ಒಂದಷ್ಟು ತಗಡು, ದೀಪ, ಗ್ರಿಲ್ ಬಿಟ್ಟರೆ ಎರಡರ ಹೊಟ್ಟೆಯೊಳಗೆ ಇದ್ದದ್ದು ಒಂದೇ. ಎಂಜಿನ್ ಅದೇ, ಗೇರುಪೆಟ್ಟಿಗೆ ಅದೇ, ನಟ್ಟು ಬಿಗಿದ ಕೈಯೂ ಅದೇ.

ಆದರೂ ಜನ ಕೊರೊಲಾವನ್ನೇ ಹೆಚ್ಚು ಕೊಂಡರು, ಹೆಚ್ಚು ದುಡ್ಡು ಕೊಟ್ಟು ಕೊಂಡರು. ನಾಲ್ಕೈದು ವರ್ಷ ಓಡಿಸಿ ಮಾರುವಾಗಲೂ ಕೊರೊಲಾಕ್ಕೇ ಒಳ್ಳೆಯ ಬೆಲೆ ಬಂತು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಗಿರಾಕಿಯನ್ನು ನೋಡಿ ನಗುತ್ತಾರೆ. ಒಂದೇ ಕಾರಿಗೆ ಹೆಸರಿನ ಮೇಲೆ ಹೆಚ್ಚು ಕೊಟ್ಟ ಪೆದ್ದ, ಜಾಹೀರಾತಿಗೆ ಮರುಳಾದವ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಗಿರಾಕಿ ಕೊಂಡದ್ದು ತಗಡನ್ನಷ್ಟೇ ಅಲ್ಲ. ನಾಳೆ ಕಾರು ಕೆಟ್ಟರೆ ಯಾರ ಬಾಗಿಲು ತಟ್ಟಬೇಕು, ತಟ್ಟಿದರೆ ಅವರು ತೆರೆಯುತ್ತಾರೋ ಇಲ್ಲವೋ ಎಂಬುದರ ಲೆಕ್ಕವನ್ನೂ ಅವನು ಹಾಕಿದ್ದ. ಆ ಲೆಕ್ಕದಲ್ಲಿ, ಆಗ ಜಗತ್ತಿನಲ್ಲೇ ಅತಿ ದೊಡ್ಡ ಕಾರು ಕಂಪನಿಯಾಗಿದ್ದ ಜನರಲ್ ಮೋಟರ್ಸ್‌ನ ಹೆಸರು ಕಾರಿನ ಬೆಲೆಯನ್ನು ಏರಿಸುವ ಬದಲು ಇಳಿಸುತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಕಂಪನಿ ಮಾರುತ್ತಿದ್ದ ಕಾರುಗಳ ಪಟ್ಟಿಯನ್ನು ಒಮ್ಮೆ ಓದಿದರೆ ಈ ಗತಿ ಹೇಗೆ ಬಂತೆಂದು ತಿಳಿಯುತ್ತದೆ.

ಪಟ್ಟಿ ಉದ್ದವಾಗಿದೆ. ಶೆವ್ರೊಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್, ಕ್ಯಾಡಿಲಾಕ್ ಎಂಬ ಐದು ಹಳೆಯ ಮನೆತನಗಳು. ಟ್ರಕ್ಕುಗಳಿಗೆ ಜಿಎಂಸಿ. ಶೆವ್ರೊಲೆ ಅಂಗಡಿಯ ಒಂದು ಮೂಲೆಯಲ್ಲಿ ಜಪಾನಿ ಸಂಬಂಧದ ಸಣ್ಣ ಕಾರುಗಳಿಗೆಂದು ಜಿಯೊ. 1990ರಿಂದ ಎಲ್ಲಕ್ಕೂ ಹೊಸದಾಗಿ ಸ್ಯಾಟರ್ನ್. ಒಂದೇ ಕಂಪನಿಗೆ ಎಂಟು ಫಲಕಗಳು.

ಫಲಕದ ಕೆಳಗೆ ಬಗ್ಗಿ ನೋಡಿದರೆ ಬೇರೆಯೇ ಕಥೆ. ಶೆವ್ರೊಲೆ ಲುಮಿನಾ, ಪಾಂಟಿಯಾಕ್ ಗ್ರ್ಯಾಂಡ್ ಪ್ರೀ, ಓಲ್ಡ್ಸ್‌ಮೊಬೀಲ್ ಕಟ್ಲಾಸ್ ಸುಪ್ರೀಂ, ಬ್ಯೂಕ್ ರೀಗಲ್ ನಾಲ್ಕೂ ಒಂದೇ ಅಡಿಪಾಯದ ಮೇಲೆ ನಿಂತವು. ಶೆವ್ರೊಲೆ ಲುಮಿನಾ ಎಪಿವಿ, ಪಾಂಟಿಯಾಕ್ ಟ್ರಾನ್ಸ್ ಸ್ಪೋರ್ಟ್, ಓಲ್ಡ್ಸ್‌ಮೊಬೀಲ್ ಸಿಲೂಯೆಟ್ ಎಂಬ ಮೂರು ಮಿನಿವ್ಯಾನುಗಳು ಒಂದೇ ಅಚ್ಚಿನವು. ಅವುಗಳ ಮೂತಿ ಎಷ್ಟು ಉದ್ದವೆಂದರೆ, ಚಾಲಕನ ಸೀಟಿನಿಂದ ಗಾಡಿಯ ತುದಿ ಕಾಣುತ್ತಿರಲಿಲ್ಲ. ಅಮೆರಿಕದ ಜನ ಅವಕ್ಕೆ ಕೈಯಲ್ಲಿ ಹಿಡಿದು ಕಸ ಹೀರುವ ಯಂತ್ರದ ಹೆಸರನ್ನೇ ಇಟ್ಟು ಗೇಲಿ ಮಾಡಿದರು. 1991ರಲ್ಲಿ ಓಲ್ಡ್ಸ್‌ಮೊಬೀಲ್ ಬ್ರವಾಡಾ ಎಂಬ ಜೀಪಿನಂಥ ಗಾಡಿ ಬಂತು. ಅದೂ ಶೆವ್ರೊಲೆಯ ಎಸ್-10 ಬ್ಲೇಝರ್ ಮತ್ತು ಜಿಎಂಸಿ ಜಿಮ್ಮಿಗಳ ಒಡಹುಟ್ಟಿದ್ದೇ, ಮೇಲೆ ಒಳ್ಳೆಯ ಬಟ್ಟೆ ಅಷ್ಟೆ.

ಇಷ್ಟಾದರೆ ಒಂದು ಕಾರಿಗೆ ಹಲವು ಹೆಸರು ಎಂದು ಸುಮ್ಮನಾಗಬಹುದಿತ್ತು. ಓಲ್ಡ್ಸ್‌ಮೊಬೀಲ್‌ನವರು ಇದರ ತಿರುವುಮುರುವನ್ನೂ ಮಾಡಿದ್ದರು. ಎಪ್ಪತ್ತರ ದಶಕದಲ್ಲಿ ಕಟ್ಲಾಸ್ ಎಂಬ ಹೆಸರು ಚಿನ್ನದಂತೆ ಮಾರಾಟವಾಗಿತ್ತು. 1976ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಅದೇ. ಹೆಸರು ನಡೆಯುತ್ತದಲ್ಲ ಎಂದು ಸಿಕ್ಕಿದ್ದಕ್ಕೆಲ್ಲ ಅದನ್ನೇ ಅಂಟಿಸಿದರು. 1991ರಲ್ಲಿ ಅವರ ಅಂಗಡಿಗೆ ಹೋದವರಿಗೆ ಕಟ್ಲಾಸ್ ಕ್ಯಾಲೆ, ಕಟ್ಲಾಸ್ ಸಿಯೆರಾ, ಕಟ್ಲಾಸ್ ಸುಪ್ರೀಂ ಎಂಬ ಮೂರು ಕಾರುಗಳು ಸಿಗುತ್ತಿದ್ದವು. ಮೂರಕ್ಕೂ ಅಡಿಪಾಯ ಬೇರೆ, ಗಾತ್ರ ಬೇರೆ, ವಯಸ್ಸೂ ಬೇರೆ. ಅಂದರೆ ಬೇರೆ ಹೆಸರಿನವು ಒಂದೇ ಕಾರು, ಒಂದೇ ಹೆಸರಿನವು ಬೇರೆ ಕಾರು. ನಾನು ಈ ಪಟ್ಟಿಯನ್ನು ಮೊದಲ ಸಲ ಕುಳಿತು ಬಿಡಿಸಿಕೊಂಡಾಗ ದೊಡ್ಡ ಮನೆತನವೊಂದರ ಮದುವೆಯಲ್ಲಿ ಯಾರು ಯಾರಿಗೆ ಏನಾಗಬೇಕೆಂದು ಕೇಳುತ್ತ ಕೂತಂತಾಯಿತು.

ಇಲ್ಲಿ ಒಂದು ಮಾತನ್ನು ಬೇರ್ಪಡಿಸಿ ಹೇಳಬೇಕು. ಬಿಡಿಭಾಗಗಳನ್ನು ಹಂಚಿಕೊಳ್ಳುವುದು ತಪ್ಪಲ್ಲ. ಹೋಟೆಲಿನ ಅಡುಗೆಮನೆಗೆ ಹೋಗಿ ನೋಡಿ. ಒಂದೇ ಹಿಟ್ಟಿನಲ್ಲಿ ದೋಸೆಯೂ ಆಗುತ್ತದೆ, ಪಡ್ಡೂ ಆಗುತ್ತದೆ, ಊತಪ್ಪವೂ ಆಗುತ್ತದೆ. ಹಿಟ್ಟು ಒಂದೇ ಎಂದು ಯಾರೂ ಮಾಲೀಕನನ್ನು ಬೈಯುವುದಿಲ್ಲ, ಏಕೆಂದರೆ ಕಾವಲಿ ಬೇರೆ, ಹದ ಬೇರೆ, ಬಾಯಿಗಿಟ್ಟರೆ ರುಚಿ ಬೇರೆ. ಒಂದೇ ದೋಸೆಯನ್ನು ನಾಲ್ಕು ತಟ್ಟೆಯಲ್ಲಿಟ್ಟು ನಾಲ್ಕು ಹೆಸರು ಹೇಳಿ ನಾಲ್ಕು ಬೆಲೆ ಕೇಳಿದಾಗ ಮಾತ್ರ ಗಿರಾಕಿ ಎದ್ದು ಹೋಗುತ್ತಾನೆ.

ಜನರಲ್ ಮೋಟರ್ಸ್ ಅನ್ನು ಕಟ್ಟಿ ಬೆಳೆಸಿದ ಆಲ್ಫ್ರೆಡ್ ಸ್ಲೋನ್‌ಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. 1920ರ ದಶಕದಲ್ಲಿ ಅವನು ಹಾಕಿಕೊಟ್ಟ ಏಣಿ ಪ್ರಸಿದ್ಧವಾದದ್ದು. ಪ್ರತಿ ಜೇಬಿಗೂ ಪ್ರತಿ ಉದ್ದೇಶಕ್ಕೂ ಒಂದೊಂದು ಕಾರು ಇರಬೇಕು ಎಂಬುದು ಅವನ ಸೂತ್ರ. ಕೆಳಗಿನ ಮೆಟ್ಟಿಲಲ್ಲಿ ಶೆವ್ರೊಲೆ, ಮೇಲಿನ ತುದಿಯಲ್ಲಿ ಕ್ಯಾಡಿಲಾಕ್. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಬೆಲೆಯಲ್ಲಿ ಕಣ್ಣಿಗೆ ಕಾಣುವ ಅಂತರ. ಸಂಬಳ ಏರಿದಂತೆ ಮನುಷ್ಯ ಮೆಟ್ಟಿಲು ಏರುತ್ತಾನೆ, ಕಂಪನಿ ಬಿಟ್ಟು ಹೋಗುವುದಿಲ್ಲ. ಹಂಚಿಕೆಯನ್ನು ಶುರು ಮಾಡಿದವನೂ ಇದೇ ಸ್ಲೋನ್. 1926ರಲ್ಲಿ ಪಾಂಟಿಯಾಕ್ ಎಂಬ ಹೊಸ ಹೆಸರನ್ನು ಹುಟ್ಟಿಸಿದಾಗ, ಅದಕ್ಕೆ ಶೆವ್ರೊಲೆಯ ಮೈಕಟ್ಟಿನ ಭಾಗಗಳನ್ನೇ ಬಳಸಿ ಒಳಗೆ ಆರು ಸಿಲಿಂಡರಿನ ಎಂಜಿನ್ ಇಟ್ಟ. ಆಗಿನ ಶೆವ್ರೊಲೆಗೆ ಇದ್ದದ್ದು ನಾಲ್ಕು. ಹಿಟ್ಟು ಒಂದೇ, ತಿಂಡಿ ಬೇರೆ. ಹೆಚ್ಚು ದುಡ್ಡು ಕೊಟ್ಟವನಿಗೆ ಏನು ಹೆಚ್ಚು ಸಿಕ್ಕಿತೆಂದು ಬಾನೆಟ್ ತೆಗೆದು ತೋರಿಸಬಹುದಿತ್ತು.

ಆ ಕಾಲದಲ್ಲಿ ಒಂದೊಂದು ವಿಭಾಗವೂ ಒಂದೊಂದು ಊರು. ಬ್ಯೂಕ್ ಎಂದರೆ ಫ್ಲಿಂಟ್, ಓಲ್ಡ್ಸ್‌ಮೊಬೀಲ್ ಎಂದರೆ ಲ್ಯಾನ್ಸಿಂಗ್, ಪಾಂಟಿಯಾಕ್ ಎಂದರೆ ಪಾಂಟಿಯಾಕ್, ಕ್ಯಾಡಿಲಾಕ್ ಎಂದರೆ ಡೆಟ್ರಾಯಿಟ್. ಪ್ರತಿಯೊಂದಕ್ಕೂ ತನ್ನದೇ ಎಂಜಿನಿಯರುಗಳು, ತನ್ನದೇ ಎಂಜಿನ್, ಪಕ್ಕದೂರಿನವರ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚು. ಆ ಹೊಟ್ಟೆಕಿಚ್ಚೇ ಕಂಪನಿಯ ಬಂಡವಾಳವಾಗಿತ್ತು ಎಂದರೆ ಅತಿಶಯವಲ್ಲ. ನಮ್ಮ ಕಾರು ಅವರದ್ದರಂತೆ ಇರಕೂಡದು ಎಂದು ಹಟ ಹಿಡಿಯುವ ಜನ ಒಳಗೇ ಇದ್ದರು.

ಈ ಏರ್ಪಾಡು ಸಡಿಲವಾದದ್ದು ಮೊದಲು ಕಣ್ಣಿಗೆ ಬಿದ್ದದ್ದು ಒಂದು ಎಂಜಿನ್ನಿನ ಮೂಲಕ. 1977ರಲ್ಲಿ ಓಲ್ಡ್ಸ್‌ಮೊಬೀಲ್ ಕಾರುಗಳನ್ನು ಕೊಂಡ ಹಲವರಿಗೆ, ಬಾನೆಟ್ಟಿನ ಕೆಳಗೆ ಓಲ್ಡ್ಸ್‌ಮೊಬೀಲ್‌ನ ಹೆಸರಾಂತ ‘ರಾಕೆಟ್’ ಎಂಜಿನ್ ಇಲ್ಲವೆಂದೂ, ಅದರ ಜಾಗದಲ್ಲಿ ಶೆವ್ರೊಲೆಯ ಎಂಜಿನ್ ಇದೆಯೆಂದೂ ಗೊತ್ತಾಯಿತು. ಇಲಿನಾಯ್ ರಾಜ್ಯದ ಅಟಾರ್ನಿ ಜನರಲ್ ಕೋರ್ಟಿಗೆ ಹೋದರು. ಕಂಪನಿ ಕೊನೆಗೆ ಪರಿಹಾರ ಕೊಟ್ಟಿತು. ಶೆವ್ರೊಲೆಯ ಎಂಜಿನ್ ಕೆಟ್ಟದ್ದೇನೂ ಆಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಗಿರಾಕಿಯ ದೂರು ಎಂಜಿನ್ನಿನ ಮೇಲಲ್ಲ, ಹೇಳಿದ್ದು ಒಂದು ಕೊಟ್ಟದ್ದು ಇನ್ನೊಂದು ಎಂಬುದರ ಮೇಲೆ. ಕಂಪನಿಯ ಲೆಕ್ಕಪತ್ರದವರಿಗೆ ಎಂಜಿನ್ ಎಂದರೆ ಎಂಜಿನ್. ಕೊಂಡವನಿಗೆ ಅದು ಕೊಟ್ಟ ಮಾತು.

ಅದಾದ ಮೇಲೂ ಪಾಠ ಕಲಿಯಲಿಲ್ಲ. 1982ರ ಮಾದರಿಯಾಗಿ ಕ್ಯಾಡಿಲಾಕ್ ಸಿಮರಾನ್ ಬಂತು. ಶೆವ್ರೊಲೆ ಕ್ಯಾವಲಿಯರ್ ಎಂಬ ಸಣ್ಣ ಕಾರಿಗೆ ಚರ್ಮದ ಸೀಟು ಹೊದಿಸಿ, ಮುಂದೆ ಕ್ಯಾಡಿಲಾಕ್ ಲಾಂಛನ ಕೂರಿಸಿ, ಸುಮಾರು 12,000 ಡಾಲರ್ ಬೆಲೆ ಹೇಳಿದರು. ಒಳಗಿದ್ದದ್ದು ನಾಲ್ಕು ಸಿಲಿಂಡರಿನ ಮಂದ ಎಂಜಿನ್. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ! 1988ರಲ್ಲಿ ಅದನ್ನು ನಿಲ್ಲಿಸಿದರು. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಕ್ಯಾಡಿಲಾಕ್ 1992ರಲ್ಲಿ ನಿಜಕ್ಕೂ ಒಳ್ಳೆಯ ಸೆವಿಲ್ ಕಾರನ್ನು ತಂದಾಗಲೂ ಜನರ ಬಾಯಲ್ಲಿ ಸಿಮರಾನ್ ಇನ್ನೂ ಇತ್ತು.

1983ರಲ್ಲಿ ಫಾರ್ಚ್ಯೂನ್ ಪತ್ರಿಕೆ ತನ್ನ ಮುಖಪುಟದಲ್ಲಿ ನಾಲ್ಕು ವಿಭಾಗಗಳ ನಾಲ್ಕು ಕಾರುಗಳನ್ನು ಒಂದೇ ಬಣ್ಣದಲ್ಲಿ ಸಾಲಾಗಿ ನಿಲ್ಲಿಸಿ ಚಿತ್ರ ಹಾಕಿತು. ಯಾವುದು ಯಾವುದೆಂದು ಹೇಳುವುದು ಕಷ್ಟವಿತ್ತು. ಎರಡು ವರ್ಷದ ನಂತರ ಫೋರ್ಡ್ ಕಂಪನಿಯ ಲಿಂಕನ್ ಕಾರಿನ ಜಾಹೀರಾತೊಂದು ಬಂತು. ಅದರಲ್ಲಿ ದೊಡ್ಡ ಹೋಟೆಲೊಂದರ ಮುಂದೆ ಕಾರು ತಂದುಕೊಡುವ ಹುಡುಗ ಕ್ಯಾಡಿಲಾಕ್ ಯಾವುದು, ಬ್ಯೂಕ್ ಯಾವುದೆಂದು ತಿಳಿಯದೆ ತಬ್ಬಿಬ್ಬಾಗುತ್ತಾನೆ. ಪ್ರತಿಸ್ಪರ್ಧಿಗೆ ಇದಕ್ಕಿಂತ ಸುಲಭವಾದ ತಮಾಷೆ ಬೇಕಿರಲಿಲ್ಲ.

1984ರಲ್ಲಿ ಅಧ್ಯಕ್ಷ ರೋಜರ್ ಸ್ಮಿತ್ ಇಡೀ ಕಂಪನಿಯನ್ನು ಎರಡು ದೊಡ್ಡ ಗುಂಪುಗಳಾಗಿ ಮತ್ತೆ ಜೋಡಿಸಿದ. ಶೆವ್ರೊಲೆ, ಪಾಂಟಿಯಾಕ್ ಮತ್ತು ಕೆನಡಾ ಒಂದು ಕಡೆ, ಬ್ಯೂಕ್, ಓಲ್ಡ್ಸ್‌ಮೊಬೀಲ್ ಮತ್ತು ಕ್ಯಾಡಿಲಾಕ್ ಇನ್ನೊಂದು ಕಡೆ. ವಿಭಾಗಗಳ ಕೈಯಲ್ಲಿ ಉಳಿದಿದ್ದ ಎಂಜಿನಿಯರಿಂಗ್ ಹಿಡಿತವೂ ಗುಂಪಿನ ಪಾಲಾಯಿತು. ವಿಭಾಗಕ್ಕೆ ಉಳಿದದ್ದು ಹೆಸರು, ಜಾಹೀರಾತು, ಡೀಲರುಗಳು. ಇದನ್ನೇ ನಾನು ಮೂಲದ ತಪ್ಪು ಎನ್ನುವುದು. ಕಾರುಗಳು ಒಂದೇ ತರ ಕಂಡದ್ದು ರೋಗದ ಲಕ್ಷಣ ಮಾತ್ರ. ಇದು ನಮ್ಮ ಹೆಸರಿಗೆ ತಕ್ಕುದಲ್ಲ, ಒಲ್ಲೆ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲದೆ ಹೋದದ್ದು ರೋಗ. 1988ರಲ್ಲಿ ಓಲ್ಡ್ಸ್‌ಮೊಬೀಲ್ ಒಂದು ಜಾಹೀರಾತು ಸರಣಿ ಶುರು ಮಾಡಿತು. ಇದು ನಿಮ್ಮಪ್ಪನ ಕಾಲದ ಓಲ್ಡ್ಸ್‌ಮೊಬೀಲ್ ಅಲ್ಲ ಎಂಬುದು ಅದರ ಸಾರ. ಅಪ್ಪನಿಗೆ ಮಾರಿ ಸಂಪಾದಿಸಿದ ಹೆಸರನ್ನು ಮಗನ ಮುಂದೆ ಅಲ್ಲಗಳೆದರೆ ಕೈಯಲ್ಲಿ ಏನು ಉಳಿಯುತ್ತದೆ? ಎಂಬತ್ತರ ದಶಕದ ಮಧ್ಯದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಕಾರು ಮಾರುತ್ತಿದ್ದ ಆ ವಿಭಾಗ 1992ರ ಹೊತ್ತಿಗೆ ಅದರ ಅರ್ಧಕ್ಕೂ ಕೆಳಗೆ ಇಳಿದಿತ್ತು.

ಕಂಪನಿಯ ಪರವಾಗಿ ಹೇಳುವವರ ವಾದವನ್ನೂ ಕೇಳಬೇಕು, ಅದರಲ್ಲಿ ಸತ್ವವಿದೆ. 1975ರ ಕಾನೂನಿನ ನಂತರ ಕಾರುಗಳ ಸರಾಸರಿ ಮೈಲೇಜ್ ಏರಿಸುವ ಹೊಣೆ ಎಲ್ಲ ಕಂಪನಿಗಳ ತಲೆಗೆ ಬಂತು. ಹೊಗೆಯ ನಿಯಮ, ಸುರಕ್ಷತೆಯ ನಿಯಮ ಬೇರೆ. ಐದು ವಿಭಾಗಗಳಿಗೆ ಐದು ಎಂಜಿನ್, ಐದು ಅಡಿಪಾಯ ಕಟ್ಟಿಕೊಡುವಷ್ಟು ಹಣ ಯಾರ ಬಳಿಯೂ ಇರಲಿಲ್ಲ. ಒಪ್ಪಿದೆ. ಆದರೆ ಹಾಗಿದ್ದರೆ ಹಂಚಿಕೊಂಡದ್ದರಿಂದ ದುಡ್ಡು ಉಳಿಯಬೇಕಿತ್ತಲ್ಲ? ಲುಮಿನಾ, ರೀಗಲ್ ಮುಂತಾದ ನಾಲ್ಕು ಕಾರುಗಳ ಆ ಯೋಜನೆಯನ್ನೇ ನೋಡಿ. ಒಳಗಿನ ಹೆಸರು ಜಿಎಂ-10. ಎಂಬತ್ತರ ದಶಕದ ಆರಂಭದಲ್ಲಿ ಹೊರಟ ಯೋಜನೆಗೆ ಸುಮಾರು 700 ಕೋಟಿ ಡಾಲರ್ ಸುರಿದರು. ಮೊದಲ ಕಾರುಗಳು ಬಂದದ್ದು 1988ರ ಮಾದರಿಗಳಾಗಿ, ಅವೂ ಎರಡು ಬಾಗಿಲಿನವು. ಅಷ್ಟರಲ್ಲಿ ಮಕ್ಕಳೊಂದಿಗ ಜನ ನಾಲ್ಕು ಬಾಗಿಲಿನ ಕಾರಿಗೆ ತಿರುಗಿಕೊಂಡಿದ್ದರು. ಫೋರ್ಡ್‌ನ ಟಾರಸ್ 1986ರ ಮಾದರಿಯಾಗಿ ಬಂದು ಮನೆಮಾತಾಗಿತ್ತು. ಜನರಲ್ ಮೋಟರ್ಸ್‌ನ ನಾಲ್ಕು ಬಾಗಿಲಿನ ಕಾರು ಶೆವ್ರೊಲೆ ಅಂಗಡಿ ತಲುಪುವ ಹೊತ್ತಿಗೆ 1990ರ ಮಾದರಿಯ ಕಾಲ ಬಂದಿತ್ತು.

ಹಂಚಿಕೆಯಲ್ಲಿ ಉಳಿತಾಯವಾಗದೆ ಹೋದದ್ದೇಕೆ ಎಂದರೆ, ಅಡಿಪಾಯ ಒಂದೇ ಆದರೂ ತಗಡಿನ ಅಚ್ಚು, ದೀಪ, ಡ್ಯಾಶ್‌ಬೋರ್ಡು, ಜಾಹೀರಾತು, ಡೀಲರುಗಳ ಜಾಲ ಎಲ್ಲವೂ ನಾಲ್ಕು ಪಟ್ಟು. ಖರ್ಚು ಮಾಡಿದ್ದು ಬೇರೆ ಬೇರೆ ಮಾಡಲಿಕ್ಕೆ, ಸಿಕ್ಕಿದ್ದು ಒಂದೇ ತರದ್ದು. ಅದೇ ಕಾಲದಲ್ಲಿ ಹೋಂಡಾ ಅಕಾರ್ಡ್ ಎಂಬ ಒಂದೇ ಹೆಸರನ್ನು ಹಿಡಿದು 1989ರಿಂದ 1991ರವರೆಗೆ ಮೂರು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರಿನ ಸ್ಥಾನದಲ್ಲಿ ಕೂತಿತ್ತು. 1992ರಲ್ಲಿ ಅದನ್ನು ಇಳಿಸಿದ್ದು ಫೋರ್ಡ್ ಟಾರಸ್, ಜನರಲ್ ಮೋಟರ್ಸ್‌ನ ನಾಲ್ವರಲ್ಲಿ ಒಬ್ಬನೂ ಅಲ್ಲ.

ಇನ್ನೊಂದು ವಾದ ಡೀಲರುಗಳದ್ದು. ಪಾಂಟಿಯಾಕ್ ಮಾರುವವನಿಗೆ ಮಿನಿವ್ಯಾನ್ ಬೇಕು, ಪಕ್ಕದ ಬೀದಿಯ ಶೆವ್ರೊಲೆಯವನ ಬಳಿ ಇದೆಯಲ್ಲ. ಓಲ್ಡ್ಸ್‌ಮೊಬೀಲ್‌ನವನಿಗೆ ಜೀಪು ಬೇಕು. ಅಮೆರಿಕದ ರಾಜ್ಯಗಳ ಕಾನೂನು ಡೀಲರನ್ನು ಗಟ್ಟಿಯಾಗಿ ಕಾಯುತ್ತದೆ, ಕಂಪನಿ ಮನಸ್ಸಿಗೆ ಬಂದಂತೆ ಅಂಗಡಿ ಮುಚ್ಚಿಸಲಾರದು. ಹಾಗಾಗಿ ಎಲ್ಲರಿಗೂ ಎಲ್ಲವನ್ನೂ ಕೊಟ್ಟು ಬಾಯಿ ಮುಚ್ಚಿಸುವ ದಾರಿ ಹಿಡಿದರು. ಮನೆಯ ಜಗಳ ಬಿಡಿಸಲಾರದ ಯಜಮಾನ ಐವರು ಮಕ್ಕಳಿಗೂ ಒಂದೇ ಬಣ್ಣದ ಅಂಗಿ ತಂದಂತೆ. ಆ ಕ್ಷಣಕ್ಕೆ ಮನೆ ಶಾಂತ. ಏಣಿಯಲ್ಲಿ ಮಾತ್ರ ಮೆಟ್ಟಿಲುಗಳೇ ಉಳಿಯಲಿಲ್ಲ.

ಟೊಯೊಟಾದವರು ಇಂಥ ತಪ್ಪು ಮಾಡಲಿಲ್ಲವೇ? ಮಾಡಿದರು. 1989ರಲ್ಲಿ ಲೆಕ್ಸಸ್ ಎಂಬ ಐಷಾರಾಮಿ ಹೆಸರನ್ನು ಅಮೆರಿಕಕ್ಕೆ ತಂದಾಗ, ಅಂಗಡಿಯಲ್ಲಿ ಎರಡನೆಯ ಕಾರು ಬೇಕೆಂದು ಕ್ಯಾಮ್ರಿಯನ್ನೇ ಸಿಂಗರಿಸಿ ಇಎಸ್ 250 ಎಂದು ಮಾರಿದರು. ಜನ ಗುರುತು ಹಿಡಿದರು. ಎರಡೇ ವರ್ಷದಲ್ಲಿ, 1991ರಲ್ಲಿ, ಮೈಕಟ್ಟನ್ನೇ ಬದಲಿಸಿದ ಇಎಸ್ 300 ಬಂತು. ಒಳಗೆ ಅದೂ ಕ್ಯಾಮ್ರಿಯ ಬಂಧುವೇ, ಆದರೆ ಕೂತು ಓಡಿಸಿದವರಿಗೆ ಬೇರೆ ಕಾರು. ತಪ್ಪು ಎಲ್ಲರೂ ಮಾಡುತ್ತಾರೆ. ಒಬ್ಬರು ಎರಡು ವರ್ಷದಲ್ಲಿ ತಿದ್ದಿಕೊಂಡರು, ಇನ್ನೊಬ್ಬರಿಗೆ ಎರಡು ದಶಕವೂ ಸಾಲಲಿಲ್ಲ.

ಜನರಲ್ ಮೋಟರ್ಸ್‌ನ ಆ ಕಾಲದ ಎಲ್ಲವೂ ಕಳಪೆ ಎಂದರೆ ಅದು ಸುಳ್ಳು. ಬ್ಯೂಕ್‌ನ 3800 ಎಂಬ ಆರು ಸಿಲಿಂಡರಿನ ಎಂಜಿನ್ ಲಕ್ಷಗಟ್ಟಲೆ ಮೈಲು ದಣಿಯದೆ ಓಡುವುದಕ್ಕೆ ಇಂದಿಗೂ ಮೆಕ್ಯಾನಿಕ್ಕುಗಳ ಮೆಚ್ಚುಗೆ ಪಡೆದಿದೆ. ಅದನ್ನು ಪಾಂಟಿಯಾಕ್ ಬಾನವಿಲ್, ಓಲ್ಡ್ಸ್‌ಮೊಬೀಲ್ 88 ಎರಡರಲ್ಲೂ ಹಾಕಿದರು, ಯಾರೂ ದೂರಲಿಲ್ಲ. ಸಬರ್ಬನ್ ಎಂಬ ಭಾರಿ ಗಾಡಿಗೆ ಸಾಟಿ ಇರಲಿಲ್ಲ. ಒಳ್ಳೆಯ ವಸ್ತುವನ್ನು ಹಂಚಿಕೊಂಡರೆ ಹೆಸರಿಗೆ ಕುಂದಿಲ್ಲ ಎಂಬುದಕ್ಕೆ ಅವರ ಮನೆಯಲ್ಲೇ ಸಾಕ್ಷಿ ಇತ್ತು.

ಹೆಸರು ಎಂದರೆ ನಡತೆ ಎಂಬುದಕ್ಕೂ ಅಲ್ಲೇ ಸಾಕ್ಷಿ ಇತ್ತು. 1990ರ ಜುಲೈನಲ್ಲಿ ಟೆನೆಸೀ ರಾಜ್ಯದ ಸ್ಪ್ರಿಂಗ್ ಹಿಲ್‌ನಲ್ಲಿ ಮೊದಲ ಸ್ಯಾಟರ್ನ್ ಕಾರು ಹೊರಬಂತು. ಕಾರೇನೂ ಅದ್ಭುತವಲ್ಲ. ಎಂಜಿನ್ ಗಲಾಟೆಯದು, ಬಾಗಿಲುಗಳ ಹೊರಹೊದಿಕೆಗಳು ಪ್ಲಾಸ್ಟಿಕ್‌ನವು. ಆದರೆ ಕಾರ್ಮಿಕ ಸಂಘದೊಂದಿಗೆ ಬೇರೆಯೇ ಒಪ್ಪಂದ, ಅಂಗಡಿಯಲ್ಲಿ ಚೌಕಾಸಿ ಇಲ್ಲದ ಒಂದೇ ಬೆಲೆ. 1991ರಲ್ಲಿ ತಪ್ಪು ಕೂಲಂಟ್ ತುಂಬಿದ ಸುಮಾರು 1,800 ಕಾರುಗಳು ಗಿರಾಕಿಗಳ ಕೈ ಸೇರುತ್ತಿವೆಯೆಂದು ಗೊತ್ತಾದಾಗ, ರಿಪೇರಿ ಮಾಡಿಕೊಡುತ್ತೇವೆ ಎನ್ನಲಿಲ್ಲ. ಕಾರನ್ನೇ ಬದಲಿಸಿ ಕೊಟ್ಟರು. 1994ರ ಬೇಸಿಗೆಯಲ್ಲಿ ಕಂಪನಿ ತನ್ನ ಕಾರ್ಖಾನೆಗೆ ಮಾಲೀಕರನ್ನೆಲ್ಲ ಆಹ್ವಾನಿಸಿದಾಗ ಸುಮಾರು 44,000 ಜನ ಬಂದರು. ಸಾಧಾರಣ ಸಣ್ಣ ಕಾರೊಂದನ್ನು ಕೊಂಡವರು ಊರ ಜಾತ್ರೆಗೆ ಹೋದಂತೆ ಹೋಗಿದ್ದರು! ಮುಂದೆ ಸ್ಯಾಟರ್ನ್‌ಗೂ ಅದೇ ಗತಿ ಬಂತೆಂಬುದು ಬೇಸರದ ಸಂಗತಿ. ಉಳಿದ ವಿಭಾಗಗಳ ಕಾರುಗಳನ್ನು, ಯೂರೋಪಿನ ಓಪೆಲ್ ಕಾರುಗಳನ್ನು ತಂದು ಸ್ಯಾಟರ್ನ್ ಲಾಂಛನ ಅಂಟಿಸುವ ಕೆಲಸ ಶುರುವಾಯಿತು. 2010ರಲ್ಲಿ ಆ ಹೆಸರೂ ಮುಗಿಯಿತು.

ಪಟ್ಟಿಯ ಬಿಲ್ಲನ್ನು ಕಟ್ಟಿದವರು ಯಾರು? 1962ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಜನರಲ್ ಮೋಟರ್ಸ್‌ನವು. ತೊಂಬತ್ತರ ಆರಂಭದಲ್ಲಿ ಅದು ಮೂರನೆಯ ಒಂದು ಪಾಲಿನ ಆಸುಪಾಸಿಗೆ ಬಂದಿತ್ತು. 1991ರಲ್ಲಿ ಕಂಪನಿ ಸುಮಾರು 445 ಕೋಟಿ ಡಾಲರ್ ನಷ್ಟ ತೋರಿಸಿತು. ಮರುವರ್ಷದ ನಷ್ಟ 2,350 ಕೋಟಿ ಡಾಲರ್, ಅದರಲ್ಲಿ ಬಹುಪಾಲು ನಿವೃತ್ತರ ವೈದ್ಯಕೀಯ ವೆಚ್ಚವನ್ನು ಲೆಕ್ಕಕ್ಕೆ ತರುವ ಹೊಸ ನಿಯಮದಿಂದ ಬಂದದ್ದು. 1991ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಒಂದು ವಾರವಿರುವಾಗ, ಅಧ್ಯಕ್ಷ ರಾಬರ್ಟ್ ಸ್ಟೆಂಪೆಲ್ 21 ಕಾರ್ಖಾನೆಗಳನ್ನು ಮುಚ್ಚಿ 74,000 ಉದ್ಯೋಗಗಳನ್ನು ಕಡಿಯುವುದಾಗಿ ಘೋಷಿಸಿದ. ಸ್ಟೆಂಪೆಲ್ ಎಂಜಿನಿಯರ್. ಓಲ್ಡ್ಸ್‌ಮೊಬೀಲ್ ಇನ್ನೂ ಓಲ್ಡ್ಸ್‌ಮೊಬೀಲ್ ಆಗಿದ್ದ ಕಾಲದಲ್ಲಿ, 1966ರ ಟೊರೊನಾಡೊ ಎಂಬ ಮುಂಗಾಲಿ ಚಾಲನೆಯ ಸೊಗಸಾದ ಕಾರಿಗೆ ದುಡಿದವನು. 1992ರ ಅಕ್ಟೋಬರಿನಲ್ಲಿ ನಿರ್ದೇಶಕ ಮಂಡಳಿ ಅವನನ್ನೂ ಮನೆಗೆ ಕಳಿಸಿತು.

ಮುಚ್ಚಬೇಕಾದ ಕಾರ್ಖಾನೆಗಳ ಪಟ್ಟಿಯಲ್ಲಿ ಮಿಷಿಗನ್‌ನ ವಿಲೋ ರನ್ ಕಾರ್ಖಾನೆ ಇತ್ತು. ಶೆವ್ರೊಲೆ ಕ್ಯಾಪ್ರಿಸ್ ಎಂಬ ತಿಮಿಂಗಿಲದಂಥ ದೊಡ್ಡ ಕಾರು ಅಲ್ಲೂ ತಯಾರಾಗುತ್ತಿತ್ತು, ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲೂ ತಯಾರಾಗುತ್ತಿತ್ತು. ಎರಡರಲ್ಲಿ ಒಂದು ಸಾಕು ಎಂದು 1992ರ ಫೆಬ್ರವರಿಯಲ್ಲಿ ಆರ್ಲಿಂಗ್ಟನ್ ಉಳಿಸಿಕೊಂಡು ವಿಲೋ ರನ್ ಮುಚ್ಚಲು ತೀರ್ಮಾನವಾಯಿತು. ವಿಲೋ ರನ್ ಇರುವ ಇಪ್ಸಿಲಾಂಟಿ ಟೌನ್‌ಶಿಪ್ ಎಂಬತ್ತರ ದಶಕದಲ್ಲಿ ಕಂಪನಿಗೆ ಲಕ್ಷಾಂತರ ಡಾಲರ್ ತೆರಿಗೆ ಬಿಟ್ಟುಕೊಟ್ಟಿತ್ತು, ಕೆಲಸ ಇಲ್ಲೇ ಉಳಿಯುತ್ತದೆಂಬ ಭರವಸೆಯ ಮೇಲೆ. ಊರು ಕೋರ್ಟಿಗೆ ಹೋಯಿತು. 1993ರ ಫೆಬ್ರವರಿಯಲ್ಲಿ ಸ್ಥಳೀಯ ನ್ಯಾಯಾಧೀಶರು ಊರಿನ ಪರವಾಗಿ ತೀರ್ಪು ಕೊಟ್ಟರು. ಅದೇ ವರ್ಷ ಮೇಲಿನ ಕೋರ್ಟು ಅದನ್ನು ತಿರುಗಿಸಿತು. ತೆರಿಗೆ ವಿನಾಯಿತಿ ಕೇಳುವಾಗ ಕಂಪನಿಗಳು ಆಡುವ ಉತ್ಸಾಹದ ಮಾತುಗಳನ್ನು ಕಟ್ಟುಬೀಳುವ ವಚನವೆಂದು ತಿಳಿಯಲಾಗದು ಎಂಬುದು ಅದರ ನಿಲುವು. ಕಾನೂನಿನ ಪ್ರಕಾರ ಅದು ಸರಿಯಿರಬಹುದು. ಲಾಂಛನ ನೋಡಿ ಕಾರು ಕೊಂಡವನಿಗೂ ತೆರಿಗೆ ಬಿಟ್ಟುಕೊಟ್ಟ ಊರಿಗೂ ಸಿಕ್ಕ ಉತ್ತರ ಒಂದೇ ಎಂಬುದನ್ನಷ್ಟೇ ನಾನು ಗಮನಿಸುತ್ತಿದ್ದೇನೆ. 2000ದ ಡಿಸೆಂಬರಿನಲ್ಲಿ ಓಲ್ಡ್ಸ್‌ಮೊಬೀಲ್ ಮುಚ್ಚುವ ಘೋಷಣೆ, 2004ರಲ್ಲಿ ಅದರ ಕೊನೆಯ ಕಾರು, 2009ರ ಜೂನ್ 1ರಂದು ಇಡೀ ಕಂಪನಿಯ ದಿವಾಳಿ ಅರ್ಜಿ, ಬೆನ್ನಿಗೇ ಪಾಂಟಿಯಾಕ್‌ನ ಅಂತ್ಯ. ಇವೆಲ್ಲ ನಂತರದ ತಾರೀಖುಗಳು.

ದೂರದ ಊರಿನ ಈ ಕಥೆ ನಮ್ಮ ಬೀದಿಗೂ ಬಂದಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ. ಎಂಬತ್ತರ ದಶಕದಲ್ಲಿ ನಮ್ಮಲ್ಲಿ ದೊಡ್ಡಸ್ತಿಕೆಯ ಗುರುತಾಗಿದ್ದ ಕಾಂಟೆಸಾ ಎಂದರೆ ಜನರಲ್ ಮೋಟರ್ಸ್‌ನ ಬ್ರಿಟಿಷ್ ಶಾಖೆ ವಾಕ್ಸಾಲ್ ಎಪ್ಪತ್ತರ ದಶಕದಲ್ಲಿ ಮಾರಿ ಕೈಬಿಟ್ಟಿದ್ದ ವಿಕ್ಟರ್ ಕಾರು. 1990ರಲ್ಲಿ ಬಂದ ಮಾರುತಿ 1000, ಅಮೆರಿಕದಲ್ಲಿ ಜಿಯೊ ಮೆಟ್ರೊ ಎಂದು ಮಾರಾಟವಾಗುತ್ತಿದ್ದ ಅಗ್ಗದ ಸಣ್ಣ ಕಾರು, ಎರಡೂ ಸುಜುಕಿ ಕಲ್ಟಸ್ ಕುಟುಂಬದ ಕೂಸುಗಳು. ಅಲ್ಲಿ ಕಾಲೇಜು ಹುಡುಗರು ಪೆಟ್ರೋಲು ಉಳಿಸಲೆಂದು ಕೊಂಡದ್ದರ ಅಕ್ಕತಂಗಿಯನ್ನು ಇಲ್ಲಿ ಕಾರ್ಖಾನೆಗಳ ಮಾಲೀಕರು ಮನೆ ಮುಂದೆ ನಿಲ್ಲಿಸಿ ಬೀಗಿದರು. ಅಂಬಾಸಿಡರ್, ಪದ್ಮಿನಿ, ಮಾರುತಿ 800 ಬಿಟ್ಟರೆ ಹೆಚ್ಚೇನೂ ಸಿಗದ ಕಾಲದಲ್ಲಿ ನಮಗೆ ಅದರ ವಂಶಾವಳಿ ಕಟ್ಟಿಕೊಂಡು ಏನಾಗಬೇಕಿತ್ತು?

ಈಗ ಹಾಗಲ್ಲ. 2019ರಲ್ಲಿ ಮಾರುತಿ ಬಲೆನೊಗೆ ಟೊಯೊಟಾ ಲಾಂಛನ ಹಾಕಿ ಗ್ಲಾನ್ಝಾ ಎಂದು ಮಾರಲು ಶುರು ಮಾಡಿದರು. 2022ರಿಂದ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೊಟಾದ ಹೈರೈಡರ್ ಎರಡೂ ತಯಾರಾಗತೊಡಗಿದವು. ಮರುವರ್ಷ ಅಲ್ಲಿನ ಇನೋವಾ ಹೈಕ್ರಾಸ್ ಮಾರುತಿ ಇನ್ವಿಕ್ಟೊ ಎಂಬ ಹೆಸರಲ್ಲೂ ಹೊರಟಿತು. ಫ್ರೀಮಾಂಟ್ ಈಗ ರಾಮನಗರದ ಪಕ್ಕಕ್ಕೆ ಬಂದಿದೆ. ಕುತೂಹಲದ ಸಂಗತಿಯೆಂದರೆ, ಅಮೆರಿಕದಲ್ಲಿ ಅವಳಿಗಳ ನಡುವೆ ಗೆದ್ದ ಟೊಯೊಟಾ ಹೆಸರು ಇಲ್ಲಿ ಬಲೆನೊ–ಗ್ಲಾನ್ಝಾ ಜೋಡಿಯಲ್ಲಿ ಗೆಲ್ಲಲಿಲ್ಲ. ಬಲೆನೊವೇ ಬಹಳ ಮುಂದಿದೆ. ತಾಲ್ಲೂಕು ಕೇಂದ್ರದಲ್ಲೂ ಮಾರುತಿಯ ಸರ್ವಿಸ್ ಸಿಗುತ್ತದೆ, ಬಿಡಿಭಾಗ ಸಿಗುತ್ತದೆ ಎಂದು ನಮ್ಮವರು ಹಾಕಿದ ಲೆಕ್ಕ, ಮೂವತ್ತು ವರ್ಷದ ಹಿಂದೆ ಕೊರೊಲಾ ಕೊಂಡ ಅಮೆರಿಕದವನು ಹಾಕಿದ ಲೆಕ್ಕವೇ. ಇಬ್ಬರನ್ನೂ ಪೆದ್ದರೆನ್ನಲು ನನಗೆ ಮನಸ್ಸಿಲ್ಲ.

2019ರಲ್ಲಿ ಆ ಎರಡು ಕಾರುಗಳ ನಡುವೆ ಇದ್ದ ದೊಡ್ಡ ವ್ಯತ್ಯಾಸ ಕಾಗದದ ಮೇಲಿತ್ತು. ಬಲೆನೊಗೆ 2 ವರ್ಷ ಅಥವಾ 40,000 ಕಿಲೋಮೀಟರ್ ವಾರಂಟಿ, ಗ್ಲಾನ್ಝಾಕ್ಕೆ 3 ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್. ಲಾಂಛನ ಬೇರೆಯಾದದ್ದಕ್ಕೆ ಒಂದು ಅರ್ಥ ಬಂದದ್ದು ಅಲ್ಲಿ. ಇಂಥ ಜೋಡಿಯ ಮುಂದೆ ನೀವು ನಿಂತಾಗ ಗ್ರಿಲ್ ಯಾವುದು ಚೆಂದವೆಂದು ಆಮೇಲೆ ನೋಡಿ. ಮೊದಲು ಸೇಲ್ಸ್‌ಮನ್‌ನನ್ನು ಕೂರಿಸಿಕೊಂಡು, ಕೆಟ್ಟರೆ ಯಾರು ನೋಡುತ್ತೀರಿ, ಎಷ್ಟು ವರ್ಷ ನೋಡುತ್ತೀರಿ ಎಂದು ಕೇಳಿ. ಅವನು ಬಾಯಲ್ಲಿ ಹೇಳಿದ್ದನ್ನು ಬರೆಸಿಕೊಳ್ಳಿ.